ಹಲವು ಆಹಾರ ಒಗ್ಗದವರು ಹಗುರವಾಗಿ, ಹೊಟ್ಟೆ ತುಂಬ ಉಣ್ಣುವ ಬಗೆ: ಕೊಡಗಿನ ಅಡುಗೆಮನೆಯಿಂದ

ಹಾಲು ಒಗ್ಗುವುದಿಲ್ಲ, ಗೋಧಿ ಒಗ್ಗುವುದಿಲ್ಲ, ಈರುಳ್ಳಿ ಬೆಳ್ಳುಳ್ಳಿ ಬಿದ್ದ ಸಾರು ಉಂಡರೆ ಸಂಜೆಯವರೆಗೂ ಹೊಟ್ಟೆ ಉಬ್ಬರಿಸಿಕೊಂಡಿರುತ್ತದೆ. ಇದರ ಮೇಲೆ ತೂಕವನ್ನೂ ಇಳಿಸಬೇಕೆಂದು ವೈದ್ಯರು ಹೇಳಿದ್ದಾರೆ. ಈ ಸ್ಥಿತಿಯಲ್ಲಿರುವ ಹೆಚ್ಚಿನವರು ಒಗ್ಗದ್ದನ್ನೆಲ್ಲ ಒಟ್ಟಿಗೆ ಬಿಟ್ಟು, ಉಳಿದ ಅನ್ನ ಮತ್ತು ತಿಳಿಸಾರನ್ನು ಅರ್ಧ ಹೊಟ್ಟೆಗೆ ಉಂಡು, ಮೂರು ವಾರದೊಳಗೆ ಸೋತು ಸುಣ್ಣವಾಗಿ ಎಲ್ಲವನ್ನೂ ಕೈಬಿಡುತ್ತಾರೆ. ಎರಡು ವರ್ಷ ನಾನೂ ಹಾಗೆಯೇ ಕಳೆದೆ. ಅದರಿಂದ ಕಲಿತದ್ದು ಇಷ್ಟು: ಊಟದ ಪ್ರಮಾಣವನ್ನು ಇಳಿಸುವುದಕ್ಕೆ ಮೊದಲು ಬಿಡಬೇಕಾದ ಪದಾರ್ಥಗಳ ಪಟ್ಟಿಯನ್ನು ಇಳಿಸಬೇಕು. ಅನುಮಾನದಿಂದ ಬಿಟ್ಟದ್ದು ಯಾವುದು, ನಿಜಕ್ಕೂ ಒಗ್ಗದ್ದು ಯಾವುದು ಎಂದು ತಿಳಿದ ಮೇಲೆಯೇ ಕಡಿಮೆ ಕ್ಯಾಲೊರಿಯ ಊಟಕ್ಕೆ ತಟ್ಟೆಯಲ್ಲಿ ಜಾಗ ಸಿಗುತ್ತದೆ.

ಇಲ್ಲಿ ಒಂದು ಭೇದವನ್ನು ಸ್ಪಷ್ಟವಾಗಿ ತಿಳಿದುಕೊಳ್ಳಬೇಕು. ಅಲರ್ಜಿ ಎಂಬುದು ದೇಹದ ರೋಗನಿರೋಧಕ ವ್ಯವಸ್ಥೆಯ ಪ್ರತಿಕ್ರಿಯೆ. ಸಿಗಡಿಯನ್ನೋ ಶೇಂಗಾವನ್ನೋ ತಿಂದೊಡನೆ ತುಟಿ ಊದಿಕೊಳ್ಳುವವರಿಗೆ, ಉಸಿರು ಕಟ್ಟುವವರಿಗೆ ಅದರ ಒಂದು ಚೂರೂ ಅಪಾಯ, ಅಂಥವರು ಮನೆಯಲ್ಲಿ ಯಾವ ಪರೀಕ್ಷೆಯನ್ನೂ ಮಾಡಿಕೊಳ್ಳಬಾರದು. ಒಗ್ಗದಿರುವುದು ಬೇರೆ, ಅಲ್ಲಿ ತೊಂದರೆ ಪ್ರಮಾಣವನ್ನು ಅವಲಂಬಿಸಿರುತ್ತದೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಲ್ಯಾಕ್ಟೇಸ್ ಎಂಬ ಕಿಣ್ವ ಕಡಿಮೆಯಿರುವವರಿಗೆ ಒಂದು ಲೋಟ ಹಾಲು ಕಷ್ಟವಾದರೂ ಸ್ವಲ್ಪ ಮೊಸರು ಒಗ್ಗಬಹುದು; ತುಪ್ಪದಲ್ಲಿ ಲ್ಯಾಕ್ಟೋಸ್ ಇಲ್ಲವೆನ್ನುವಷ್ಟು ಕಡಿಮೆ. ಗೋಧಿಯ ವಿಷಯದಲ್ಲಿ ಮಾತ್ರ ಅವಸರ ಸಲ್ಲದು. ಗೋಧಿಯಲ್ಲಿರುವ ಗ್ಲೂಟನ್ ಎಂಬ ಪ್ರೊಟೀನಿನಿಂದ ಕರುಳಿಗೆ ಹಾನಿಯಾಗುವ ಸೀಲಿಯಾಕ್ ಕಾಯಿಲೆಯ ರಕ್ತಪರೀಕ್ಷೆಯನ್ನು ಗೋಧಿ ತಿನ್ನುತ್ತಿರುವಾಗಲೇ ಮಾಡಿಸಬೇಕು, ಏಕೆಂದರೆ ಗೋಧಿಯನ್ನು ಬಿಟ್ಟು ಕೆಲವು ತಿಂಗಳಾದ ಮೇಲೆ ರಕ್ತದಲ್ಲಿನ ಪ್ರತಿಕಾಯಗಳು ಇಳಿದು ಪರೀಕ್ಷೆ ಸುಳ್ಳು ಹೇಳುತ್ತದೆ. ನನಗೆ ಈ ಮಾತನ್ನು ಮೊದಲು ಯಾರೂ ಹೇಳಲಿಲ್ಲ. ಗೋಧಿ ಬಿಟ್ಟ ಎಷ್ಟೋ ತಿಂಗಳ ಮೇಲೆ ಪರೀಕ್ಷೆಗೆ ಹೋಗಿ, ಮತ್ತೆ ವಾರಗಟ್ಟಲೆ ಚಪಾತಿ ತಿಂದು ಇನ್ನೊಮ್ಮೆ ರಕ್ತ ಕೊಡಬೇಕಾಯಿತು.

ಪರೀಕ್ಷೆಯಲ್ಲಿ ಸೀಲಿಯಾಕ್ ಇಲ್ಲವೆಂದು ಖಚಿತವಾದ ಮೇಲೆ, ಸಾಧ್ಯವಿದ್ದರೆ ಆಹಾರತಜ್ಞರ ಸಲಹೆಯೊಂದಿಗೆ, ಅನುಮಾನವಿರುವ ಪದಾರ್ಥಗಳನ್ನು ಎರಡರಿಂದ ಆರು ವಾರ ಪೂರ್ತಿಯಾಗಿ ಬಿಡಿ. ಆಮೇಲೆ ಒಂದೊಂದನ್ನೇ, ಮೊದಲ ದಿನ ಸ್ವಲ್ಪ, ಎರಡನೆಯ ದಿನ ಇನ್ನಷ್ಟು, ಮೂರನೆಯ ದಿನ ಸಾಮಾನ್ಯವಾಗಿ ತಿನ್ನುವಷ್ಟು ತಿಂದು, ನಡುವೆ ಎರಡು ಮೂರು ದಿನ ಬಿಡುವು ಕೊಟ್ಟು ಮುಂದಿನದಕ್ಕೆ ಹೋಗಿ. ಇದಕ್ಕೆ ಒಂದು ಇನ್ನೂರು ಪುಟದ ನೋಟ್‌ಬುಕ್ ಸಾಕು: ತಿಂದದ್ದು, ಹೊತ್ತು, ಪ್ರಮಾಣ, ಹೊಟ್ಟೆಯ ಸ್ಥಿತಿ. ಈ ವಾರಗಳಲ್ಲಿ ಊಟವನ್ನು ಕಡಿಮೆ ಮಾಡಬೇಡಿ. ಎರಡನ್ನೂ ಒಟ್ಟಿಗೆ ಮಾಡಿದರೆ ತಲೆಸುತ್ತು ಹಸಿವಿನದೋ ಆಹಾರದ್ದೋ ಎಂದು ತಿಳಿಯುವುದೇ ಇಲ್ಲ. ನನ್ನ ನೋಟ್‌ಬುಕ್ ಹೇಳಿದ್ದು ನಾನು ಎಣಿಸಿದ್ದಕ್ಕಿಂತ ಬೇರೆಯೇ ಇತ್ತು. ಅರ್ಧ ಕಪ್ ಮೊಸರು ಒಗ್ಗಿತು, ಒಂದು ಚಪಾತಿ ಒಗ್ಗಿತು, ಮೂರು ಒಗ್ಗಲಿಲ್ಲ; ನಿಜವಾದ ತೊಂದರೆ ಈರುಳ್ಳಿ ಬೆಳ್ಳುಳ್ಳಿಯದು. ಗೋಧಿ, ಈರುಳ್ಳಿ, ಬೆಳ್ಳುಳ್ಳಿ ಮೂರರಲ್ಲೂ ಇರುವ ಫ್ರಕ್ಟಾನ್ ಎಂಬ ಅಂಶ ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗೆ ಹೋಗಿ, ಅಲ್ಲಿನ ಬ್ಯಾಕ್ಟೀರಿಯಗಳ ಕೈಯಲ್ಲಿ ಹುದುಗಿ ಗ್ಯಾಸ್ ಆಗುತ್ತದೆ. ಗೋಧಿ ಒಗ್ಗದೆನ್ನುವ ಅನೇಕರಿಗೆ ಒಗ್ಗದಿರುವುದು ಗೋಧಿಯಲ್ಲಿರುವ ಈ ಅಂಶವೇ.

ಕೊಡಗಿನಲ್ಲಿರುವವರಿಗೆ ಒಂದು ದೊಡ್ಡ ಅನುಕೂಲವಿದೆ, ಅದನ್ನು ನಾವು ಅಷ್ಟಾಗಿ ಗಮನಿಸಿಲ್ಲ. ಕಡಂಬುಟ್ಟು (ಅಕ್ಕಿ ತರಿಯ ಉಂಡೆ), ನೂಪುಟ್ಟು (ಒತ್ತು ಶಾವಿಗೆ), ಅಕ್ಕಿ ಒಟ್ಟಿ (ಅಕ್ಕಿ ರೊಟ್ಟಿ) ಇವೆಲ್ಲ ಅಕ್ಕಿಯವು. ಗೋಧಿ ಇಲ್ಲ, ಹಾಲು ಇಲ್ಲ, ಮೊದಲೆರಡು ಹಬೆಯಲ್ಲೇ ಬೇಯುತ್ತವೆ. ಅಕ್ಕಿ ತರಿಯದೇ ಇನ್ನೊಂದು ತಿಂಡಿಯಾದ ಪಾಪುಟ್ಟಿಗೆ ಮಾತ್ರ ಹಾಲು ಬೀಳುತ್ತದೆ. ಪೇಟೆಯಲ್ಲಿ ಹೆಚ್ಚು ಹಣ ಕೊಟ್ಟು ‘ಗ್ಲೂಟನ್ ಇಲ್ಲದ’ ಬಿಸ್ಕತ್ತು, ಬ್ರೆಡ್ಡು ಕೊಳ್ಳುವವರನ್ನು ಕಂಡಾಗ ನನಗೆ ಮರುಕವಾಗುತ್ತದೆ, ಏಕೆಂದರೆ ಅವುಗಳಲ್ಲಿ ಗೋಧಿ ಇಲ್ಲದಿದ್ದರೂ ಸಕ್ಕರೆ ಮತ್ತು ಕೊಬ್ಬು ಧಾರಾಳವಾಗಿರುತ್ತವೆ.

ಅಪಾಯವಿರುವುದು ನಾವು ಲೆಕ್ಕಕ್ಕೇ ಹಿಡಿಯದ ಚಿಕ್ಕ ವಸ್ತುಗಳಲ್ಲಿ. ಅಂಗಡಿಯ ಇಂಗಿನ ಡಬ್ಬಿಯನ್ನು ತಿರುಗಿಸಿ ನೋಡಿ. ಗೋಧಿ ಹಿಟ್ಟು ಅಥವಾ ಮೈದಾ ಬೆರೆತಿರುವುದೇ ಹೆಚ್ಚು. ಸೀಲಿಯಾಕ್ ಇರುವವರಿಗೆ ಇಂಥ ಇಂಗು ಒಂದು ಚಿಟಿಕೆಯೂ ಸಲ್ಲದು. ಸೋಯಾ ಸಾಸಿನಲ್ಲಿ ಸಾಮಾನ್ಯವಾಗಿ ಗೋಧಿ ಇರುತ್ತದೆ. ಅನೇಕ ಸಿದ್ಧ ಮಸಾಲೆ ಪುಡಿಗಳಲ್ಲಿ ಈರುಳ್ಳಿ ಬೆಳ್ಳುಳ್ಳಿಯ ಪುಡಿ ಸೇರಿರುತ್ತದೆ. ಗೋಧಿ, ಹಾಲು, ಮೊಟ್ಟೆ, ಮೀನು, ಶೇಂಗಾ, ಸೋಯಾ ಮುಂತಾದವು ಪೊಟ್ಟಣದ ಆಹಾರದಲ್ಲಿದ್ದರೆ ಅದನ್ನು ಲೇಬಲ್ಲಿನಲ್ಲಿ ತಿಳಿಸಲೇಬೇಕೆಂಬ ನಿಯಮ ನಮ್ಮ ದೇಶದಲ್ಲಿದೆ; ಆದರೆ ಈರುಳ್ಳಿ ಬೆಳ್ಳುಳ್ಳಿ ಆ ಪಟ್ಟಿಯಲ್ಲಿಲ್ಲ, ಆದ್ದರಿಂದ ಪದಾರ್ಥಗಳ ಸಾಲನ್ನು ಪೂರ್ತಿ ಓದಬೇಕು. ಇನ್ನು ಕಾಫಿ. ಕಾಫಿಯ ನಾಡಿನಲ್ಲಿದ್ದುಕೊಂಡು ಚಿಕೋರಿ ಬೆರೆಸಿದ ಪುಡಿಯನ್ನು ಕುಡಿಯುವವರು ನಮ್ಮಲ್ಲಿ ಬಹಳ ಮಂದಿ. ಚಿಕೋರಿ ಬೇರಿನಲ್ಲಿರುವ ಇನುಲಿನ್ ಕೂಡ ಫ್ರಕ್ಟಾನ್ ಗುಂಪಿಗೇ ಸೇರಿದ್ದು, ಆದ್ದರಿಂದ ಕಾಫಿ ಕುಡಿದರೆ ಹೊಟ್ಟೆ ಕೆಡುತ್ತದೆ ಎನ್ನುವವರು ಹಾಲನ್ನು ದೂರುವ ಮೊದಲು ಚಿಕೋರಿ ಇಲ್ಲದ ಪುಡಿಯಿಂದ ಕಪ್ಪು ಕಾಫಿ ಮಾಡಿ ಕುಡಿದು ನೋಡಲಿ. ಹಾಲಿಲ್ಲದ ಬೆಲ್ಲದ ಕಾಫಿ ನಮ್ಮ ಹಿರಿಯರ ಅಭ್ಯಾಸವೇ ಆಗಿತ್ತು. ಆದರೆ ಬೆಲ್ಲದ ಕ್ಯಾಲೊರಿ ಸಕ್ಕರೆಯದಕ್ಕೆ ಹೆಚ್ಚುಕಡಿಮೆ ಸಮ, ದಿನಕ್ಕೆ ನಾಲ್ಕು ಲೋಟವಾದರೆ ಅದೇ ಒಂದು ಚಿಕ್ಕ ಊಟದಷ್ಟಾಗುತ್ತದೆ.

ಕ್ಯಾಲೊರಿಯ ಲೆಕ್ಕ ಕಠಿಣವೇನಲ್ಲ. ಪಿಷ್ಟ ಮತ್ತು ಪ್ರೊಟೀನ್ ಗ್ರಾಮಿಗೆ 4 ಕಿಲೊಕ್ಯಾಲರಿ, ಕೊಬ್ಬು 9, ಮದ್ಯ 7. ಈಗ ತಿನ್ನುತ್ತಿರುವುದಕ್ಕಿಂತ ದಿನಕ್ಕೆ ಸುಮಾರು 500 ಕಡಿಮೆ ಮಾಡಿಕೊಂಡರೆ ಸಾಕು. 800ಕ್ಕಿಂತ ಕಡಿಮೆಯ ಪಥ್ಯವನ್ನು ವೈದ್ಯರ ನಿಗಾವಣೆಯಿಲ್ಲದೆ ಮಾಡಲೇಬಾರದು, ಮತ್ತು ಗರ್ಭಿಣಿಯರು ಹಾಗೂ ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಸ್ವಲ್ಪ ಇಳಿಸುವುದಕ್ಕೂ ವೈದ್ಯರನ್ನು ಕೇಳಬೇಕು. ನಮ್ಮ ಅಡುಗೆಯಲ್ಲಿ ಕ್ಯಾಲೊರಿ ಅಡಗಿರುವುದು ಮುಖ್ಯವಾಗಿ ಮೂರು ಕಡೆ: ಅಕ್ಕಿ, ತೆಂಗಿನಕಾಯಿ, ಎಣ್ಣೆ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕಿಲೊಕ್ಯಾಲರಿ. 100 ಗ್ರಾಂ ಹಸಿ ತೆಂಗಿನ ತುರಿಯಲ್ಲಿಯೂ ಹತ್ತಿರಹತ್ತಿರ ಅಷ್ಟೇ. ಎಣ್ಣೆ ಒಂದು ಟೀ ಚಮಚಕ್ಕೆ 40ರ ಮೇಲೆ. ಹಾಗಾಗಿ ಒಂದು ಅಡುಗೆಮನೆ ತಕ್ಕಡಿಯನ್ನು ಕೊಳ್ಳಿ, ಅಕ್ಕಿಯನ್ನು ಬೇಯಿಸುವ ಮೊದಲು ತೂಗಿ. ಬೆಂದ ಮೇಲೆ ತೂಗಿದರೆ ನೀರಿನ ತೂಕ ಸೇರಿ ಲೆಕ್ಕ ತಪ್ಪುತ್ತದೆ.

ನನ್ನ ಮನೆಯಲ್ಲಿ ವಾರಕ್ಕೆರಡು ಬಾರಿ ಆಗುವ ಒಂದು ಊಟವನ್ನು, ಕಡಂಬುಟ್ಟು ಮತ್ತು ಕೋಳಿ ಗೊಜ್ಜನ್ನು, ವಿವರವಾಗಿ ಹೇಳುತ್ತೇನೆ. ತಲೆಗೆ 60 ಗ್ರಾಂ ಅಕ್ಕಿ ತರಿ. ಅಳತೆಗೆ ಒಂದಕ್ಕೆ ಎರಡೂವರೆ ಪಾಲು ನೀರನ್ನು ಉಪ್ಪು ಹಾಕಿ ಕುದಿಸಿ, ತರಿಯನ್ನು ಉದುರಿಸುತ್ತ, ಗಂಟಾಗದಂತೆ ತಿರುವುತ್ತ, ನೀರು ಇಂಗಿ ಪಾತ್ರೆಯ ಅಂಚು ಬಿಡುವವರೆಗೆ ಸಣ್ಣ ಉರಿಯಲ್ಲಿ ಇಡಿ. ಕೈ ತಾಳುವಷ್ಟು ಬಿಸಿಯಿರುವಾಗಲೇ ಒದ್ದೆ ಕೈಯಿಂದ ದೊಡ್ಡ ನಿಂಬೆಗಾತ್ರದ ಉಂಡೆ ಕಟ್ಟಬೇಕು. ಆರಿದರೆ ಮೇಲ್ಮೈ ಬಿರಿಯುತ್ತದೆ. ಒಬ್ಬರಿಗೆ ನಾಲ್ಕು ಉಂಡೆ ಬರುತ್ತವೆ, ಹಬೆಯಲ್ಲಿ 20 ನಿಮಿಷ. ಇದಕ್ಕೆ ತಲೆಗೆ 150 ಗ್ರಾಂನಂತೆ ಚರ್ಮ ತೆಗೆದ ಕೋಳಿಯ ಎದೆಮಾಂಸ. ಕೊತ್ತಂಬರಿ, ಜೀರಿಗೆ, ಕರಿಮೆಣಸು, ಸಾಸಿವೆ, ನಾಲ್ಕೈದು ಕಾಳು ಮೆಂತ್ಯವನ್ನು ಎಣ್ಣೆಯಿಲ್ಲದೆ, ಕಾಫಿ ಬೀಜದ ಬಣ್ಣ ಬರುವವರೆಗೆ ಹುರಿದು ಪುಡಿ ಮಾಡಿಟ್ಟುಕೊಳ್ಳಿ. ಈ ಕಪ್ಪು ಪುಡಿಯೇ ಗೊಜ್ಜಿಗೆ ಮೈ ಕೊಡುವುದರಿಂದ ತೆಂಗು ಬೇಕಾಗುವುದಿಲ್ಲ. ತಲೆಗೊಂದು ಟೀ ಚಮಚ ಎಣ್ಣೆಯಲ್ಲಿ ಜಜ್ಜಿದ ಎರಡು ಎಸಳು ಬೆಳ್ಳುಳ್ಳಿಯನ್ನು ಕೆಂಪಗೆ ಹುರಿದು, ನೀರಿನಂಶದ ಏನನ್ನೂ ಹಾಕುವ ಮೊದಲು ಎಸಳುಗಳನ್ನು ಪೂರ್ತಿ ತೆಗೆದುಬಿಡಿ. ಫ್ರಕ್ಟಾನ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಆದ್ದರಿಂದ ಪರಿಮಳ ಎಣ್ಣೆಗೆ ಬರುತ್ತದೆ, ತೊಂದರೆ ಎಸಳಿನೊಂದಿಗೆ ಹೊರಗೆ ಹೋಗುತ್ತದೆ. ನಂತರ ಶುಂಠಿ, ಹಸಿಮೆಣಸು, ಕೋಳಿ, ಉಪ್ಪು, ಅರಿಸಿನ. ಕೋಳಿ ತನ್ನ ನೀರಿನಲ್ಲೇ ಬೆಂದ ಮೇಲೆ ಮಸಾಲೆ ಪುಡಿ. ಒಲೆಯಿಂದ ಇಳಿಸುವ ಮುಂಚೆ ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಅರ್ಧ ಟೀ ಚಮಚ, ಬೇಕಿದ್ದರೆ ಈರುಳ್ಳಿ ಗಿಡದ ಹಸಿರು ಎಲೆಯಷ್ಟನ್ನೇ ಹೆಚ್ಚಿ ಮೇಲೆ ಉದುರಿಸಿ. ಬಿಳಿಯ ಗೆಡ್ಡೆಯಲ್ಲಿರುವಷ್ಟು ಫ್ರಕ್ಟಾನ್ ಹಸಿರಿನಲ್ಲಿಲ್ಲ. ಜೊತೆಗೆ ಬೀನ್ಸ್ ಪಲ್ಯವನ್ನೋ ಸೌತೆಕಾಯಿಯನ್ನೋ ಇಟ್ಟರೂ ಊಟ ಸುಮಾರು 470 ಕಿಲೊಕ್ಯಾಲರಿ ಮೀರುವುದಿಲ್ಲ, ಪ್ರೊಟೀನ್ 35 ಗ್ರಾಂ ಹತ್ತಿರ ಸಿಗುತ್ತದೆ. ಹಂದಿ ಮಾಂಸವನ್ನೂ ಹೀಗೆಯೇ ಮಾಡಬಹುದು. ಕೊಬ್ಬಿಲ್ಲದ ಭಾಗವನ್ನು ಕೇಳಿ ಕೊಳ್ಳಬೇಕು, ಬೆಂದ ಮೇಲೆ ತೇಲುವ ಕೊಬ್ಬನ್ನು ಸೌಟಿನಿಂದ ತೆಗೆಯಬೇಕು.

ಕಾಚಂಪುಳಿಯ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಅದನ್ನು ಮಾಡುವ ಹಣ್ಣಿನ ಜಾತಿಯಿಂದಲೇ ತಯಾರಾದ ಗಾರ್ಸಿನಿಯ ಮಾತ್ರೆಗಳನ್ನು ತೂಕ ಇಳಿಸುವುದಕ್ಕೆಂದು ಮಾರುತ್ತಾರೆ. ಅವುಗಳಿಂದ ಗಣನೀಯವಾಗಿ ತೂಕ ಇಳಿಯುತ್ತದೆಂದು ಸಿದ್ಧವಾಗಿಲ್ಲ, ಯಕೃತ್ತಿಗೆ ಹಾನಿಯಾದ ಪ್ರಕರಣಗಳು ಮಾತ್ರ ವರದಿಯಾಗಿವೆ. ಅಡುಗೆಯ ಹುಳಿಯಾಗಿ ಅದು ಅಮೂಲ್ಯ, ಔಷಧಿಯಾಗಿ ಬೇಡ.

ಪ್ರೊಟೀನ್ ಮತ್ತು ಕ್ಯಾಲ್ಸಿಯಂ, ಇವೆರಡನ್ನು ಮಾತ್ರ ದಿನದಿನವೂ ಲೆಕ್ಕ ಹಾಕಿ. ಪದಾರ್ಥ ಬಿಡುವುದು, ಊಟ ಇಳಿಸುವುದು, ಎರಡೂ ಕಡೆಯಿಂದ ಕತ್ತರಿ ಬೀಳುವುದು ಇವಕ್ಕೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಪ್ರಕಟಿಸಿದ ಶಿಫಾರಸಿನಂತೆ ವಯಸ್ಕರಿಗೆ ದೇಹತೂಕದ ಕಿಲೋಗೆ 0.83 ಗ್ರಾಂ ಪ್ರೊಟೀನ್, ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಒಂದು ಮೊಟ್ಟೆಯಲ್ಲಿ 6 ಗ್ರಾಂ ಪ್ರೊಟೀನ್, ಸುಮಾರು 70 ಕಿಲೊಕ್ಯಾಲರಿ. ಹಾಲು ಬಿಟ್ಟವರಿಗೆ ರಾಗಿ ದೊಡ್ಡ ಆಸರೆ, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ನುಗ್ಗೆಸೊಪ್ಪು, ಮುಳ್ಳಿನೊಂದಿಗೆ ತಿನ್ನುವ ಸಣ್ಣ ಮೀನು ಕೂಡ ಒಳ್ಳೆಯವು. ಇಷ್ಟಾದರೂ ಸಾಲದೆಂದು ಲೆಕ್ಕ ಹೇಳಿದರೆ ವೈದ್ಯರನ್ನು ಕೇಳಿ ಮಾತ್ರೆ ತೆಗೆದುಕೊಳ್ಳುವುದರಲ್ಲಿ ಸಂಕೋಚ ಬೇಡ. ಸಸ್ಯಾಹಾರಿಗಳು ಹೆಸರುಬೇಳೆಯಿಂದ ಆರಂಭಿಸಲಿ. ಬೇರೆ ಕಾಳುಗಳನ್ನು ರಾತ್ರಿಯಿಡೀ ನೆನೆಸಿ, ನೆನೆಸಿದ ನೀರನ್ನು ಚೆಲ್ಲಿ ಬೇಯಿಸಿದರೆ ಗ್ಯಾಸ್ ಮಾಡುವ ಅಂಶ ಕಡಿಮೆಯಾಗುತ್ತದೆ.

ಮಳೆಗಾಲದಲ್ಲಿ ಮಡಿಕೇರಿಯ ಶುಕ್ರವಾರದ ಸಂತೆಗೆ ಹೋಗುವುದೇ ಕಷ್ಟವಾದ ದಿನಗಳಿರುತ್ತವೆ, ಆಗ ಕೈಗೆ ಸಿಗುವುದು ತೋಟದ್ದು. ಕಣಿಲೆ, ಅಂದರೆ ಎಳೆ ಬಿದಿರಿನ ಮೊಳಕೆ, ಹಗುರವಾದ ತರಕಾರಿ; 100 ಗ್ರಾಂನಲ್ಲಿ 30 ಕಿಲೊಕ್ಯಾಲರಿಯೂ ಇಲ್ಲ. ಆದರೆ ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುವ ಅಂಶವಿರುವುದರಿಂದ ಹೆಚ್ಚಿ ಎರಡು ಮೂರು ದಿನ ನೆನೆಸಿ, ದಿನವೂ ನೀರು ಬದಲಿಸಿ, ಆಮೇಲೆ ಚೆನ್ನಾಗಿ ಬೇಯಿಸಿ ಆ ನೀರನ್ನೂ ಚೆಲ್ಲಬೇಕು. ಕೆಸುವಿನ ಎಲೆಯನ್ನು ಹುಳಿ ಹಾಕಿ ಪೂರ್ತಿ ಬೇಯಿಸದಿದ್ದರೆ ಗಂಟಲು ತುರಿಸುತ್ತದೆ, ಅದನ್ನು ಒಗ್ಗದ ಆಹಾರವೆಂದು ನೋಟ್‌ಬುಕ್ಕಿನಲ್ಲಿ ಬರೆಯಬೇಡಿ. ಅಣಬೆ ಮತ್ತು ಹಲಸು ಕೆಲವರಿಗೆ ಹೊಟ್ಟೆ ಉಬ್ಬರಿಸುತ್ತವೆ, ಪರೀಕ್ಷಿಸಿಯೇ ತಿಳಿಯಬೇಕು.

ಹಬ್ಬದ ದಿನ ಹೆದರಬೇಕಾದ್ದಿಲ್ಲ. ಕೈಲ್‌ಪೊಳ್ದಿನ ಕಡಂಬುಟ್ಟು, ಪುತ್ತರಿಯ ತಂಬಿಟ್ಟು, ಕಕ್ಕಡ ಹದಿನೆಂಟರ ಮದ್ದು ಪಾಯಸ ಎಲ್ಲದಕ್ಕೂ ಅಕ್ಕಿಯೇ ಆಧಾರ. ಬಡಿಸಿದ್ದರಲ್ಲಿ ತೆಂಗಿನ ಹಾಲು, ಬೆಲ್ಲ, ತುಪ್ಪ ಎಷ್ಟಿದೆ ಎಂದು ನೋಡಿಕೊಂಡು ಚಿಕ್ಕ ಬಟ್ಟಲಿನಲ್ಲಿ ಹಾಕಿಸಿಕೊಳ್ಳಿ. ಮದುವೆ ಮನೆಯಲ್ಲಿ ಊಟಕ್ಕೆ ಕುಳಿತ ಮೇಲೆ ಕೇಳಿದರೆ ಬಡಿಸುವವರಿಗೆ ಉತ್ತರ ಗೊತ್ತಿರುವುದಿಲ್ಲ. ಮುಂಚೆಯೇ ಅಡುಗೆಯವರ ಬಳಿ ಹೋಗಿ, “ಅಣ್ಣಾ, ಈರುಳ್ಳಿ ಬೆಳ್ಳುಳ್ಳಿ ಹಾಕದ ಪಲ್ಯ ಯಾವುದುಂಟು?” ಎಂದು ಕೇಳಿ. ಇದುವರೆಗೆ ಯಾರೂ ಬೇಸರಪಟ್ಟಿದ್ದನ್ನು ನಾನು ಕಂಡಿಲ್ಲ; ಒಗ್ಗರಣೆಗೆ ಮೊದಲೇ ಒಂದು ಬಟ್ಟಲು ತೆಗೆದಿಟ್ಟವರೂ ಇದ್ದಾರೆ.

ಒಗ್ಗದ್ದೆಂದು ಬರೆದಿಟ್ಟ ಪದಾರ್ಥವನ್ನು ಆರು ತಿಂಗಳಿಗೊಮ್ಮೆ ಅದೇ ಮೂರು ದಿನದ ಕ್ರಮದಲ್ಲಿ ಮತ್ತೆ ಪರೀಕ್ಷಿಸಿ. ಸೀಲಿಯಾಕ್ ಮತ್ತು ಅಲರ್ಜಿಗೆ ಈ ಮಾತು ಅನ್ವಯಿಸುವುದಿಲ್ಲ. ಆದರೆ ಭೇದಿಯ ನಂತರ ಬಂದ ಹಾಲಿನ ತೊಂದರೆ, ಕರುಳು ಸರಿಯಾದ ಮೇಲೆ ಎಷ್ಟೋ ಮಂದಿಗೆ ತಾನಾಗಿ ಕಡಿಮೆಯಾಗುತ್ತದೆ.