ಮೂರ್ಛೆರೋಗ ಇದೆಯಾ ಅಂತ ಕೇಳೋದು ಬಿಟ್ಟ ಮೇಲೆ

ಸಮೀಕ್ಷೆ ಶುರುವಾಗಿ ಎರಡು ವಾರ ಆಗಿತ್ತು. ಮಂಡ್ಯ ಜಿಲ್ಲೆಯ ಒಂದು ಹಳ್ಳಿಯಲ್ಲಿ 140 ಮನೆ ಮುಗಿಸಿದ್ದೆ. ಸುಮಾರು 600 ಜನ. ಪ್ರತಿ ಮನೆಯಲ್ಲೂ "ಇಲ್ಲಿ ಯಾರಿಗಾದರೂ ಮೂರ್ಛೆರೋಗ ಇದೆಯಾ?" ಎಂದು ಕೇಳಿದ್ದೆ. ಇದೆ ಎಂದದ್ದು ಒಂದೇ ಮನೆ. ಆ ಮನೆಯವರು ಮುಚ್ಚಿಡುವ ಹಾಗೂ ಇರಲಿಲ್ಲ, ಯಜಮಾನರು ಸಂತೆಯಲ್ಲೇ ಬಿದ್ದದ್ದನ್ನು ಊರೆಲ್ಲ ನೋಡಿತ್ತು.

ಸಂಜೆ ಹಾಳೆ ಎಣಿಸುವಾಗ ಸಮಾಧಾನ ಆಗಲಿಲ್ಲ. 1990ರ ದಶಕದಲ್ಲಿ ನಿಮ್ಹಾನ್ಸ್‌ನ ಡಾ. ಗೌರಿದೇವಿ ಅವರ ತಂಡ ಬೆಂಗಳೂರು ನಗರದಲ್ಲೂ ಸುತ್ತಲಿನ ಹಳ್ಳಿಗಳಲ್ಲೂ ಮನೆಮನೆಗೆ ಹೋಗಿ ಒಂದು ಲಕ್ಷಕ್ಕೂ ಜಾಸ್ತಿ ಜನರನ್ನು ವಿಚಾರಿಸಿತ್ತು. ಮೂರ್ಛೆರೋಗ ಸಿಕ್ಕಿದ್ದು ನಗರದಲ್ಲಿ ಸಾವಿರಕ್ಕೆ 6ರ ಹತ್ತಿರ, ಹಳ್ಳಿಗಳಲ್ಲಿ ಅದರ ಎರಡರಷ್ಟು, ಸಾವಿರಕ್ಕೆ ಸುಮಾರು 12. ಆ ಲೆಕ್ಕ ಹಿಡಿದರೆ ನನಗೆ ಆರೇಳು ಜನ ಸಿಗಬೇಕಿತ್ತು. ಒಂದೇ ಹಳ್ಳಿಯಲ್ಲಿ ಸ್ವಲ್ಪ ಹೆಚ್ಚುಕಡಿಮೆ ಆಗಬಹುದು. ಆದರೆ ಇಷ್ಟೊಂದಾ? ನಾನು ಕೇಳುತ್ತಿರುವ ರೀತಿಯೇ ಸರಿಯಿಲ್ಲ ಅನ್ನಿಸಿತು.

ನಮಗೆ ಕೊಟ್ಟಿದ್ದ ಹಾಳೆಯಲ್ಲಿ "ಪ್ರಜ್ಞಾಹೀನತೆಯೊಂದಿಗೆ ಸೆಳವಿನ ಪ್ರಸಂಗಗಳು ಸಂಭವಿಸಿವೆಯೇ?" ಎಂದು ಅಚ್ಚಾಗಿತ್ತು. ಅದನ್ನು ಯಾರ ಮನೆಯ ಜಗಲಿಯಲ್ಲಿ ಓದುವುದು? ಹಾಗಾಗಿ ನಾನೇ ಅದನ್ನು "ಮೂರ್ಛೆರೋಗ" ಎಂದು ಸುಲಭ ಮಾಡಿಕೊಂಡಿದ್ದೆ. ಅಲ್ಲೇ ಎಡವಿದ್ದು. ಆ ಹೆಸರು ಕಿವಿಗೆ ಬಿದ್ದ ಕೂಡಲೇ ಮನೆಯವರ ಮುಖ ಬದಲಾಗುತ್ತಿತ್ತು. "ಅಂತದ್ದೆಲ್ಲ ನಮ್ಮನೇಲಿ ಇಲ್ಲ ಕಣವ್ವ" ಎಂದು ಎದ್ದುಬಿಡುತ್ತಿದ್ದರು.

ಸಮೀಕ್ಷೆ ನೋಡಿಕೊಳ್ಳುತ್ತಿದ್ದ ಡಾಕ್ಟರ ಜೊತೆ ಕೂತು ಪ್ರಶ್ನೆಗಳನ್ನು ಹೊಸದಾಗಿ ಬರೆದೆವು. ಕಾಯಿಲೆಯ ಹೆಸರನ್ನೇ ಎತ್ತುವುದು ಬೇಡ, ಕಣ್ಣಿಗೆ ಕಂಡದ್ದನ್ನು ಕೇಳೋಣ ಎಂದುಕೊಂಡೆವು. ಮನೆಯಲ್ಲಿ ಯಾರಾದರೂ ಇದ್ದಕ್ಕಿದ್ದ ಹಾಗೆ ಬಿದ್ದು ಕೈಕಾಲು ಒದರಿದ್ದುಂಟಾ? ನಿದ್ದೆಯಲ್ಲಿ ನಾಲಿಗೆ ಕಚ್ಚಿಕೊಂಡು, ಹಾಸಿಗೆ ಒದ್ದೆ ಮಾಡಿಕೊಂಡು, ಬೆಳಗ್ಗೆ ಮಂಕಾಗಿ ಎದ್ದದ್ದುಂಟಾ? ಯಾರ ಕೈಗಾದರೂ ಬೀಗದ ಕೈ ಕೊಟ್ಟದ್ದು, ಈರುಳ್ಳಿ ಮೂಸಿಸಿದ್ದು ಉಂಟಾ? ತಲೆಗೆ ನೀರು ಹುಯ್ಕೊಳ್ಳುವಾಗ ಸುಮ್ನೆ ಕೂತುಬಿಟ್ಟು, ಕರೆದರೂ ಓಗೊಡದೋರು ಇದ್ದಾರಾ?

ಕೊನೆಯದು ನಮ್ಮ ಸೀಮೆಗೆ ಬೇಕೇಬೇಕಾದ ಪ್ರಶ್ನೆ. ಬಿಸಿನೀರಿನ ಮೂರ್ಛೆ ಎಂದು ಒಂದಿದೆ. ತಲೆಯ ಮೇಲೆ ಬಿಸಿನೀರು ಬೀಳುತ್ತಿರುವಾಗಲೋ ಸ್ನಾನ ಮುಗಿದ ಕೂಡಲೋ ಬರುತ್ತದೆ. ಮೊದಲು ವರದಿಯಾದದ್ದು 1945ರಲ್ಲಿ, ನ್ಯೂಜಿಲೆಂಡಿನಿಂದ. ಆದರೆ ಅತಿ ಹೆಚ್ಚು ಕಂಡಿರುವುದು ದಕ್ಷಿಣ ಕರ್ನಾಟಕದಲ್ಲೇ. ಬೆಂಗಳೂರಿನ ಡಾ. ಕೆ.ಎಸ್. ಮಣಿ, ಆಮೇಲೆ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಇದರ ಬಗ್ಗೆ ತುಂಬಾ ಕೆಲಸ ಮಾಡಿದ್ದಾರೆ. ಹಂಡೆಯಿಂದ ಚೊಂಬಿನಲ್ಲಿ ಮೊಗೆದು ಒಂದೇ ಸಮನೆ ತಲೆಗೆ ಸುರಿದುಕೊಳ್ಳುವುದು ನಮ್ಮ ಪದ್ಧತಿ. ಒಬ್ಬರ ತಲೆಯ ಮೇಲೆ ಎಷ್ಟು ಬಿಸಿ ಎಷ್ಟು ವೇಗವಾಗಿ ಬೀಳುತ್ತದೆ ಅಂತ ನೋಡಿದರೆ ಗಾಬರಿಯಾಗುತ್ತದೆ.

ಹೊಸ ಪ್ರಶ್ನೆ ಹಿಡಿದು ಅದೇ 140 ಮನೆಗಳಿಗೆ ಮತ್ತೆ ಹೋದೆ. ಮೂರನೇ ದಿನ ಒಬ್ಬ ಅಜ್ಜಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ನೀರಿನ ಪ್ರಶ್ನೆ ಕೇಳಿದ್ದೇ ತಡ, ನಕ್ಕುಬಿಟ್ಟರು.

"ಅಯ್ಯೋ, ನಮ್ಮ ಮೊಮ್ಮಗ ಹಂಗೇಯ. ಅವ್ನಿಗೆ ನೀರು ಅಂದ್ರೆ ಪ್ರಾಣ ಕಣವ್ವ. ಹುಯ್ಕಂತಾ ಹುಯ್ಕಂತಾ ಹಂಗೇ ಮೈಮರ್ತು ಕೂತ್ಬುಡ್ತನೆ. ಕೂಗುದ್ರೂ ಕೇಳಕಿಲ್ಲ."

ಹುಡುಗನಿಗೆ ಒಂಬತ್ತು ವರ್ಷ. ಹೇಗೆ ಹುಯ್ಕೊಳ್ತಾನೆ ತೋರಿಸ್ತೀರಾ ಎಂದೆ. ಅಜ್ಜಿ ಬಚ್ಚಲಿಗೆ ಕರೆದುಕೊಂಡು ಹೋಗಿ, ಮಣೆಯ ಮೇಲೆ ಕೂತು, ಖಾಲಿ ಚೊಂಬು ಹಿಡಿದರು. ಮೊಗೆಯುವುದು, ಸುರಿಯುವುದು, ಮೊಗೆಯುವುದು, ಸುರಿಯುವುದು. ನಡುವೆ ಉಸಿರಾಡಲೂ ಬಿಡುವಿಲ್ಲ. ಆಮೇಲೆ ಅವರ ಕಣ್ಣು ಗೋಡೆಯ ಒಂದೇ ಕಡೆ ನಿಂತಿತು, ಬಾಯಿ ಏನೋ ಚಪ್ಪರಿಸಿತು. ಕೈ ಮಾತ್ರ ನಿಲ್ಲಲಿಲ್ಲ, ಚೊಂಬು ಹಂಡೆಗೆ ತಾಗದೆ ಗಾಳಿಯಲ್ಲೇ ಮೊಗೆಯುತ್ತಿತ್ತು. "ಹಿಂಗೆ" ಎಂದರು. ಅಷ್ಟು ಚೆನ್ನಾಗಿ ಯಾವ ಪುಸ್ತಕವೂ ನನಗೆ ಹೇಳಿಕೊಟ್ಟಿರಲಿಲ್ಲ. ಕೆಲವರಿಗೆ ಆ ಹೊತ್ತಿನಲ್ಲಿ ಒಂಥರಾ ಸುಖ ಅನ್ನಿಸಿ, ಇನ್ನೂ ಬೇಕು ಇನ್ನೂ ಬೇಕು ಎಂದು ಸುರಿದುಕೊಳ್ಳುತ್ತಾರೆ. ನೀರೆಂದರೆ ಪ್ರಾಣ ಎಂದು ಅಜ್ಜಿ ಅಂದುಕೊಂಡದ್ದು ಅದನ್ನೇ.

ಭಾನುವಾರ ಮತ್ತೆ ಹೋದೆ. ದಿನಾ ಹೇಗೆ ಬೆರೆಸುತ್ತೀರೋ ಹಾಗೇ ನೀರು ಬೆರೆಸಿ ಎಂದು ಹುಡುಗನ ಅಮ್ಮನಿಗೆ ಹೇಳಿ ಥರ್ಮಾಮೀಟರ್ ಅದ್ದಿದೆ. 47 ಡಿಗ್ರಿ. ಹುಡುಗನನ್ನು ಆ ನೀರಿಗೆ ಕೂರಿಸಲಿಲ್ಲ. ನಮ್ಮ ದಾಖಲೆಗೋಸ್ಕರ ಮಗುವಿಗೆ ಮೂರ್ಛೆ ಬರಿಸುವುದು ತಪ್ಪು. ನಾನು ಬೆರಳಿಟ್ಟು ತಕ್ಷಣ ತೆಗೆದೆ. ಅಮ್ಮನಿಗೆ ಅದು ಹದವಾದ ನೀರು.

ಇನ್ನೊಂದು ಮಾತು ಹೇಳಬೇಕು. ಹೀಗೆ ಕೇಳಿದರೆ ಬೇಡದವರೂ ಸಿಗುತ್ತಾರೆ. ಬಿಸಿಲಲ್ಲಿ ತಲೆಸುತ್ತಿ ಬಿದ್ದವರು, ಮೈಮೇಲೆ ದೇವರು ಬರುವವರು, ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಊಟ ಬಿಟ್ಟವರು. ಸುಮ್ಮನೆ ತಲೆಸುತ್ತಿದವರು ಸಾಮಾನ್ಯವಾಗಿ ಮೊದಲು ಬೆವರುತ್ತಾರೆ, ಬಿಳಿಚಿಕೊಳ್ಳುತ್ತಾರೆ, ಮಲಗಿಸಿದರೆ ಬೇಗ ಮಾತಾಡುತ್ತಾರೆ. ಮೂರ್ಛೆ ಬಂದವರಿಗೆ ಎಚ್ಚರವಾದ ಮೇಲೂ ಎಷ್ಟೋ ಹೊತ್ತು ಗೊಂದಲ ಇರುತ್ತದೆ. ಇದನ್ನೆಲ್ಲ ನೋಡಿದ ಮನೆಯವರ ಬಾಯಿಂದಲೇ ಬರೆದುಕೊಳ್ಳುತ್ತಿದ್ದೆ. ಬಿದ್ದವರಿಗೆ ಏನೂ ನೆನಪಿರೋದಿಲ್ಲ, ಅಲ್ವಾ? ಹೌದೋ ಅಲ್ಲವೋ ಎಂದು ತೀರ್ಮಾನ ಮಾಡುವುದು ನರರೋಗದ ಡಾಕ್ಟರ ಕೆಲಸ. ನಾನು ಒಂದು ಸಲವೂ "ಇದು ಅದೇ" ಎಂದು ಹೇಳಲಿಲ್ಲ.

ಹುಡುಗನನ್ನು ಡಾಕ್ಟರು ನೋಡಿದರು. ಮಿದುಳಿನ ವಿದ್ಯುತ್ ಅಲೆ ನೋಡುವ ಇಇಜಿ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ, ಈ ಕಾಯಿಲೆಯಲ್ಲಿ ಹಾಗಾಗುವುದು ಮಾಮೂಲಿ. ಅಜ್ಜಿ ಮಾಡಿ ತೋರಿಸಿದ್ದನ್ನು ಬರೆದಿಟ್ಟ ಹಾಳೆಯೇ ಹೆಚ್ಚು ಕೆಲಸಕ್ಕೆ ಬಂತು. ಉಗುರುಬೆಚ್ಚಗಿನ ನೀರು, ಒಂದೇ ಸಮನೆ ಸುರಿಯಬಾರದು, ಬಚ್ಚಲ ಚಿಲಕ ಹಾಕಬಾರದು, ಪಕ್ಕದಲ್ಲಿ ಒಬ್ಬರು ಇರಬೇಕು. ತಲೆಸ್ನಾನದ ದಿನ ಒಂದೂವರೆ ಗಂಟೆ ಮುಂಚೆ ನುಂಗಲು ಮೂರ್ಛೆ ತಡೆಯುವ ಕ್ಲೋಬಜಾಮ್ ಮಾತ್ರೆ ಬರೆದುಕೊಟ್ಟರು. ಕೆಲವರಿಗೆ ಮುಂದೆ ನೀರಿಲ್ಲದೆಯೂ ಮೂರ್ಛೆ ಬರಬಹುದು, ಅದಕ್ಕೇ ಬಿಡದೆ ತೋರಿಸುತ್ತಿರಿ ಎಂದರು.

ಆ ಮನೆಯ ಹಳೆಯ ಹಾಳೆಯಲ್ಲಿ ನನ್ನದೇ ಕೈಬರಹದಲ್ಲಿ "ಇಲ್ಲ" ಎಂದಿತ್ತು. ನಮ್ಮ ಕೆಲಸದಲ್ಲಿ ಅಳಿಸುವ ಹಾಗಿಲ್ಲ. ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ತಾರೀಕು ಹಾಕಿ ಸಹಿ ಮಾಡಬೇಕು. ಎರಡನೇ ಸುತ್ತಿನಲ್ಲಿ ಅಂಥ ಐದು ಗೆರೆ ಎಳೆದೆ.

ಐದನೆಯದು ಹತ್ತೊಂಬತ್ತು ವರ್ಷದ ಹುಡುಗಿಯದು. ಆ ಮನೆಯಲ್ಲಿ ನನಗೆ ಕಾಫಿ ಕೊಟ್ಟು, ಎಲ್ಲದಕ್ಕೂ ಇಲ್ಲ ಎಂದು ಕಳಿಸಿದ್ದರು. ಮಾರನೇ ದಿನ ಹುಡುಗಿಯ ಅಮ್ಮ ಕೊಳಾಯಿ ಹತ್ತಿರ ನನ್ನ ಕಾದು ನಿಂತಿದ್ದರು. "ಬರ್ಕೊಂಡ್ರೆ ಊರಿಗೆಲ್ಲ ಗೊತ್ತಾಯ್ತದಲ್ವಾ ಅಕ್ಕ? ಗಂಡು ನೋಡ್ತಾವ್ರೆ" ಎಂದರು. ಹಾಳೆ ತೆಗೆದು ತೋರಿಸಿದೆ. ಅದರಲ್ಲಿ ಹೆಸರಿಲ್ಲ, ಬರೀ ನಂಬರ್. ಹೆಸರಿನ ಪಟ್ಟಿ ಬೇರೆ ಕಡೆ ಬೀಗದಲ್ಲಿರುತ್ತದೆ ಎಂದೆ. ಮೂರ್ಛೆರೋಗ ಇದೆ ಎಂಬ ಕಾರಣಕ್ಕೆ ಹಿಂದೂ ಮದುವೆಯನ್ನು ರದ್ದು ಮಾಡುವ ಅವಕಾಶವನ್ನು 1999ರಲ್ಲೇ ಕಾನೂನಿನಿಂದ ತೆಗೆದಿದ್ದಾರೆ ಎಂದೂ ಹೇಳಿದೆ. ಅವರು ಸುಮ್ಮನೆ ಕೇಳಿಸಿಕೊಂಡರು. ಕಾನೂನು ಬದಲಾದ ಸುದ್ದಿ ಆ ಕೊಳಾಯಿ ತನಕ ಬಂದಿರಲಿಲ್ಲ. ಅಂದಿನಿಂದ ಬೋರ್ಡ್ ಇರುವ ನಮ್ಮ ಗಾಡಿಯನ್ನು ಊರೊಳಗೆ ತರುವುದನ್ನೇ ನಿಲ್ಲಿಸಿದೆ.

ಕ್ಲಿನಿಕ್ಕಿನ ದಿನ ಅಮ್ಮ ಮಗಳು ಮುಂದಿನ ಊರಿನ ತನಕ ನಡೆದು ಅಲ್ಲಿ ಬಸ್ಸು ಹತ್ತಿದರು. ಗುರುತಿಲ್ಲದವರ ಹಾಗೆ ನಾನು ಹಿಂದಿನ ಸೀಟಿನಲ್ಲಿ ಕೂತಿದ್ದೆ. ಆಸ್ಪತ್ರೆ ಗೇಟು ದಾಟಿದ ಮೇಲೆ ಹುಡುಗಿಯೇ ಹತ್ತಿರ ಬಂದಳು. "ಅಕ್ಕ, ಒಳಗೆ ಏನೇನು ಕೇಳ್ತಾರೆ?" ಎಂದಳು. ಬೇವಿನ ಮರದ ಕೆಳಗೆ ನಿಂತು ಆ ನಾಲ್ಕು ಪ್ರಶ್ನೆಗಳನ್ನು ಒಂದೊಂದಾಗಿ ಹೇಳಿದೆ. ಎರಡನೆಯದಕ್ಕೆ ಅವಳು ತಲೆಯಾಡಿಸಿದಳು.