99 ರೂಪಾಯಿ ಡೊಮೈನ್: ಎರಡನೇ ವರ್ಷದ ಬಿಲ್ ಮೊದಲು ನೋಡಿ

ಶಿರಸಿಯಲ್ಲಿರುವ ನಮ್ಮ ಚಿಕ್ಕಮ್ಮ ಹಪ್ಪಳ, ಉಪ್ಪಿನಕಾಯಿ ಮಾಡಿ ಮಾರುತ್ತಾರೆ. ಪರಿಚಯದ ಹುಡುಗನೊಬ್ಬ ಅವರಿಗೆ ವೆಬ್‌ಸೈಟ್ ಮಾಡಿಕೊಟ್ಟಿದ್ದ. ಸೈಟಿನ ಹೆಸರಿನ ಕೊನೆಗೆ ಡಾಟ್ ಆನ್‌ಲೈನ್. ಆ ವಿಳಾಸಕ್ಕೆ, ಅಂದರೆ ಡೊಮೈನ್‌ಗೆ, ಬರೀ 99 ರೂಪಾಯಿ ಅಂದಿದ್ದ. ವರ್ಷ ತುಂಬುವ ಹೊತ್ತಿಗೆ ಚಿಕ್ಕಮ್ಮನ ಫೋನ್ ಬಂತು. "ಅಲ್ವೋ, ತೊಂಬತ್ತೊಂಬತ್ತು ಅಂದಿದ್ನಲ್ಲ ಅವ್ನು? ಈಗ ಮೂರು ಸಾವಿರ ಕೇಳ್ತಿದಾರೆ. ಅಷ್ಟಕ್ಕೆ ಎಷ್ಟು ಕಟ್ಟು ಹಪ್ಪಳ ಮಾರ್ಬೇಕು ಗೊತ್ತಾ ನಿಂಗೆ?"

ಹಳೇ ಬಿಲ್ ತೆಗೆಸಿ ನೋಡಿದೆ. ಮೋಸವೇನೂ ಆಗಿರಲಿಲ್ಲ. 99 ಎಂಬುದು ದಪ್ಪ ಅಕ್ಷರದಲ್ಲಿತ್ತು, ನವೀಕರಣದ ದರ ಅದರ ಕೆಳಗೆ ಇರುವೆ ಸಾಲಿನ ಹಾಗೆ ಇತ್ತು. ಡೊಮೈನ್ ಕೊಳ್ಳುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಅಸಲಿಗೆ ಡೊಮೈನನ್ನು ನಾವು ಕೊಳ್ಳುವುದೇ ಇಲ್ಲ. ವರ್ಷದ ಲೆಕ್ಕದಲ್ಲಿ ಬಾಡಿಗೆಗೆ ಹಿಡಿಯುತ್ತೇವೆ. ಮೊದಲ ತಿಂಗಳ ಬಾಡಿಗೆ ಕಮ್ಮಿ ಎಂದು ಮನೆ ಹಿಡಿಯುತ್ತೇವಾ?

ಅಸಲು ಬೆಲೆ ಎಷ್ಟು?

ಅಂಗಡಿಗೆ ಹೋಗುವ ಮೊದಲು ಮಂಡಿಯ ದರ ಗೊತ್ತಿದ್ದರೆ ಒಳ್ಳೆಯದು. ಡಾಟ್ ಕಾಮ್ ಹೆಸರುಗಳ ಮೂಲ ಪಟ್ಟಿ ಇಟ್ಟುಕೊಂಡಿರುವುದು ಅಮೆರಿಕದ ವೆರಿಸೈನ್ ಕಂಪನಿ. ಇಂಥವರಿಗೆ ರಿಜಿಸ್ಟ್ರಿ ಎನ್ನುತ್ತಾರೆ. ನಮಗೆ ಮಾರುವವರು ರಿಜಿಸ್ಟ್ರಾರ್‌ಗಳು. ಇವರಿಗೆ ಮಾನ್ಯತೆ ಕೊಡುವುದು 1998ರಲ್ಲಿ ಶುರುವಾದ ಐಕ್ಯಾನ್ ಸಂಸ್ಥೆ. 2024ರ ಸೆಪ್ಟೆಂಬರ್‌ನಲ್ಲಿ ವೆರಿಸೈನ್ ಒಂದು ಡಾಟ್ ಕಾಮ್‌ನ ದರವನ್ನು ವರ್ಷಕ್ಕೆ 10.26 ಡಾಲರ್‌ಗೆ ಏರಿಸಿತು. ನಮ್ಮ ಲೆಕ್ಕದಲ್ಲಿ ಸುಮಾರು 900 ರೂಪಾಯಿ. ಇದರ ಮೇಲೆ ಐಕ್ಯಾನ್‌ನ ಚಿಲ್ಲರೆ ಶುಲ್ಕ, 18 ಪರ್ಸೆಂಟ್ ಜಿಎಸ್‌ಟಿ. ಮಾರುವವನಿಗೆ ಒಂದು ಪೈಸೆ ಲಾಭ ಇಲ್ಲದಿದ್ದರೂ ಬೆಲೆ ಸಾವಿರ ದಾಟುತ್ತದೆ.

ಹಾಗಾದರೆ ಡಾಟ್ ಕಾಮ್ ಅನ್ನು 199ಕ್ಕೆ ಕೊಡುವವನು ಏನು ಮಾಡುತ್ತಿದ್ದಾನೆ? ಮೊದಲ ವರ್ಷ ಕೈಯಿಂದ ಹಾಕುತ್ತಿದ್ದಾನೆ. ಅದನ್ನು ಎರಡನೇ ವರ್ಷದಿಂದಲೋ, ಜೊತೆಗೆ ಮಾರುವ ಹೋಸ್ಟಿಂಗ್ (ಸೈಟ್ ಇಡುವ ಜಾಗ), ಇಮೇಲ್‌ಗಳಿಂದಲೋ ಹಿಂದಕ್ಕೆ ಪಡೆಯುತ್ತಾನೆ. ವ್ಯಾಪಾರ ಅಂದ ಮೇಲೆ ಅದು ತಪ್ಪಲ್ಲ. ನಮಗೆ ಗೊತ್ತಿರಬೇಕು ಅಷ್ಟೇ.

ಡಾಟ್ ಆನ್‌ಲೈನ್, ಡಾಟ್ ಸ್ಟೋರ್, ಡಾಟ್ ಸೈಟ್ ಮುಂತಾದ ಹೊಸ ಬಾಲಗಳದ್ದು ಇನ್ನೊಂದು ಕಥೆ. ಇವು ಮೊದಲ ವರ್ಷ ಚಹಾ ತಿಂಡಿಯ ದುಡ್ಡಿಗೆ ಸಿಗುತ್ತವೆ. ನವೀಕರಣ ಎರಡು ಮೂರು ಸಾವಿರ ಮುಟ್ಟುವುದು ಮಾಮೂಲು. ಚಿಕ್ಕಮ್ಮನಿಗಾಗಿ ಒಂದು ಹಾಳೆಯ ಮೇಲೆ ಲೆಕ್ಕ ಹಾಕಿದೆ. ಮೊದಲ ವರ್ಷ 99, ಆಮೇಲೆ ನಾಲ್ಕು ವರ್ಷ 3,000ದಂತೆ ಹಿಡಿದರೆ ಐದು ವರ್ಷಕ್ಕೆ 12,099. ಪ್ರತಿ ವರ್ಷ ಒಂದೇ ದರ, 1,100ಕ್ಕೆ ಸಿಗುವ ಹೆಸರಾದರೆ 5,500. ಯಾವುದು ಅಗ್ಗ ಎಂದು ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

ಇನ್ನು ಪೂರ್ತಿ ಫ್ರೀ ಡೊಮೈನ್. ಡಾಟ್ ಟಿಕೆ, ಡಾಟ್ ಎಂಎಲ್ ಮುಂತಾದ ಹೆಸರುಗಳನ್ನು ವರ್ಷಗಟ್ಟಲೆ ಪುಕ್ಕಟೆ ಹಂಚಿದ ಫ್ರೀನಾಮ್ ಕಂಪನಿ ನೆನಪಿದೆಯಾ? ಅಲ್ಲಿ ವಂಚಕರು ತುಂಬಿಕೊಂಡರು. 2023ರಲ್ಲಿ ಫೇಸ್‌ಬುಕ್‌ನ ಒಡೆಯ ಕಂಪನಿ ಮೆಟಾ ಕೇಸು ಹಾಕಿತು, ಹೊಸ ನೋಂದಣಿ ನಿಂತಿತು. 2024ರಲ್ಲಿ ಕಂಪನಿ ಡೊಮೈನ್ ವ್ಯವಹಾರವನ್ನೇ ಕೈಬಿಟ್ಟಿತು. ಅದನ್ನು ನಂಬಿ ಸೈಟ್ ಕಟ್ಟಿದವರಿಗೆ ಕೊನೆಗೆ ಚೊಂಬೇ ಗತಿ.

ನಮ್ಮ ದೇಶದ ಡಾಟ್ ಇನ್ ಸಣ್ಣ ವ್ಯಾಪಾರಕ್ಕೆ ಚೆನ್ನಾಗಿ ಒಗ್ಗುತ್ತದೆ. ಇದನ್ನು ನಡೆಸುವುದು ನಿಕ್ಸಿ, ಅಂದರೆ ನ್ಯಾಷನಲ್ ಇಂಟರ್‌ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ. 2005ರಿಂದ ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಸಾಮಾನ್ಯವಾಗಿ ಡಾಟ್ ಕಾಮ್‌ಗಿಂತ ಕಮ್ಮಿ ಬೆಲೆ. ಕನ್ನಡ ಲಿಪಿಯಲ್ಲೇ ಡಾಟ್ ಭಾರತ ಎಂಬ ವಿಳಾಸವೂ ಇದೆ. ನನಗೆ ಅದರ ಮೇಲೆ ಪ್ರೀತಿ. ಆದರೆ ಎಷ್ಟೋ ಕಡೆ ಫಾರಂಗಳು ಇನ್ನೂ ಆ ವಿಳಾಸದ ಇಮೇಲನ್ನು ಒಪ್ಪುವುದಿಲ್ಲ. ಎರಡನೇ ಹೆಸರಾಗಿ ಇಟ್ಟುಕೊಳ್ಳಿ, ವ್ಯಾಪಾರಕ್ಕೆ ಅದೊಂದನ್ನೇ ನಂಬಬೇಡಿ.

ಹೆಸರು ಆರಿಸುವಾಗ

ಕನ್ನಡದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದೇ ಒಂದು ತಲೆನೋವು. ಮಲೆನಾಡು ಎಂದು ಪೂರ್ತಿ ಬರೆಯುವುದೋ, ಮಲ್ನಾಡ್ ಎಂದು ಮೊಟಕು ಮಾಡುವುದೋ? ಹುಬ್ಬಳ್ಳಿಯೋ ಹುಬ್ಳಿಯೋ? ನಾನು ಮಾಡುವುದು ಒಂದೇ ಪರೀಕ್ಷೆ. ಹೆಸರನ್ನು ಫೋನಿನಲ್ಲಿ ಮೂರು ಜನರಿಗೆ ಹೇಳಿ ಬರೆದುಕೊಳ್ಳಲು ಕೇಳುತ್ತೇನೆ. ಮೂವರೂ ಒಂದೇ ಥರ ಬರೆದರೆ ಅದು ಒಳ್ಳೆ ಹೆಸರು. ಇಲ್ಲದಿದ್ದರೆ ಎರಡು ಹೆಸರು ಕೊಳ್ಳಬೇಕಾಗುತ್ತದೆ, ಖರ್ಚೂ ಎರಡರಷ್ಟು. ನಡುವೆ ಅಡ್ಡಗೆರೆ ಬೇಡ. ದೊಡ್ಡ ಬ್ರಾಂಡಿನ ಹೆಸರು ಸೇರಿಸಿದರೆ ಟ್ರೇಡ್‌ಮಾರ್ಕ್ ಗಲಾಟೆಯಲ್ಲಿ ಹೆಸರೇ ಕೈತಪ್ಪಬಹುದು.

ಹುಡುಕುವಾಗ ಕೆಲವು ಹೆಸರಿನ ಮುಂದೆ ಪ್ರೀಮಿಯಂ ಎಂದಿರುತ್ತದೆ. ಅಂಥದ್ದರಲ್ಲಿ ನವೀಕರಣವೂ ಪ್ರತಿ ವರ್ಷ ದುಬಾರಿಯಾಗಿರಬಹುದು. ಅದನ್ನು ಕೇಳಿಕೊಳ್ಳದೆ ಮುಂದುವರಿಯಬೇಡಿ.

ಕಾರ್ಟ್‌ನಲ್ಲಿ ನಿಧಾನ

ಹೆಸರು ಸಿಕ್ಕಿತು. ಈಗ ಕನಿಷ್ಠ ಮೂರು ರಿಜಿಸ್ಟ್ರಾರ್‌ಗಳ ನವೀಕರಣ ದರ ಮತ್ತು ವರ್ಗಾವಣೆ ದರ ನೋಡಿ. ಟಿಎಲ್‌ಡಿ ಲಿಸ್ಟ್ ಎಂಬ ಸೈಟಿನಲ್ಲಿ ಹಲವರ ದರ ಒಂದೇ ಕಡೆ ಸಿಗುತ್ತದೆ. ಕ್ಲೌಡ್‌ಫ್ಲೇರ್‌ನಂಥವರು ಲಾಭ ಇಟ್ಟುಕೊಳ್ಳದೆ ಅಸಲಿಗೇ ಕೊಡುತ್ತಾರೆ, ಆದರೆ ಅವರದೇ ನೇಮ್‌ಸರ್ವರ್ (ಹೆಸರು ಹಾಕಿದವರಿಗೆ ಸೈಟಿನ ದಾರಿ ತೋರಿಸುವ ಸರ್ವರ್) ಬಳಸಬೇಕು ಎಂಬ ಷರತ್ತು ಇದೆ.

ದುಡ್ಡು ಕಟ್ಟುವ ಪುಟಕ್ಕೆ ಬಂದಾಗ ಒಂದು ನಿಮಿಷ ಕೈ ತಡೆಯಿರಿ. ಕಳೆದ ತಿಂಗಳು ಗೆಳೆಯನೊಬ್ಬನ ಪಕ್ಕ ಕೂತು ನೋಡಿದೆ. ಜಾಹೀರಾತಿನಲ್ಲಿ 149 ಇದ್ದದ್ದು ಕೊನೆಯ ಪುಟದಲ್ಲಿ 4,000ದ ಹತ್ತಿರ ಹೋಗಿತ್ತು. ಅವನು ಏನನ್ನೂ ಸೇರಿಸಿರಲಿಲ್ಲ. ಅವಧಿ ತಾನಾಗಿ ಮೂರು ವರ್ಷ ಎಂದಿತ್ತು. 149 ಇದ್ದದ್ದು ಮೊದಲ ವರ್ಷಕ್ಕೆ ಮಾತ್ರ, ಉಳಿದೆರಡು ಪೂರ್ತಿ ದರ. ಅದರ ಕೆಳಗೆ ಇಮೇಲ್ ಪ್ಯಾಕ್, ಮೊದಲ ತಿಂಗಳು ಉಚಿತ. ಎಸ್‌ಎಸ್‌ಎಲ್‌ಗೆ ಬೇರೆ ದುಡ್ಡು. 'ಸಂಪೂರ್ಣ ರಕ್ಷಣೆ' ಎಂಬ ಇನ್ನೊಂದು ಸಾಲು.

ಒಂದೊಂದನ್ನೇ ತೆಗೆಸಿದೆ. ಬೀಗದ ಗುರುತು ಬರಿಸುವ ಎಸ್‌ಎಸ್‌ಎಲ್ ಸರ್ಟಿಫಿಕೇಟನ್ನು ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಪುಕ್ಕಟೆ ಕೊಡುತ್ತದೆ, ಹೆಚ್ಚಿನ ಹೋಸ್ಟಿಂಗ್‌ನವರು ಅದನ್ನೇ ಹಾಕಿಕೊಡುತ್ತಾರೆ. ಹೆಸರು, ಫೋನ್ ನಂಬರ್ ಮರೆಮಾಡುವ ಪ್ರೈವೆಸಿ ಸೇವೆಯನ್ನು ಡಾಟ್ ಕಾಮ್‌ಗೆ ಈಗ ಬಹಳ ಕಡೆ ಉಚಿತವಾಗಿ ಕೊಡುತ್ತಾರೆ. ಅದಕ್ಕೆ ದುಡ್ಡು ಕೇಳಿದರೆ ಬೇರೆ ಅಂಗಡಿ ನೋಡಿ. ಎಲ್ಲ ತೆಗೆದ ಮೇಲೆ ಬಿಲ್ 176ಕ್ಕೆ ಇಳಿಯಿತು. ಜಿಎಸ್‌ಟಿ ಸೇರಿ.

ಅಂದ ಹಾಗೆ, ಹೆಚ್ಚು ವರ್ಷಕ್ಕೆ ಕಟ್ಟುವುದು ಯಾವಾಗಲೂ ಕೆಟ್ಟದ್ದಲ್ಲ. ನಿಜವಾಗಿಯೂ ನಡೆಸುವ ವ್ಯಾಪಾರ, ದರವೂ ಸರಿಯಾಗಿದೆ ಅಂದರೆ ಒಮ್ಮೆಗೇ ಮೂರೋ ಐದೋ ವರ್ಷಕ್ಕೆ ಕಟ್ಟಿಬಿಡಿ. ಡಾಟ್ ಕಾಮ್‌ಗೆ ಒಟ್ಟು 10 ವರ್ಷದವರೆಗೆ ಅವಕಾಶ ಇದೆ. ನಡುವೆ ದರ ಏರಿದರೂ ನಿಮಗೆ ತಟ್ಟುವುದಿಲ್ಲ.

ಖಾತೆ ಯಾರ ಹೆಸರಲ್ಲಿದೆ?

ದುಡ್ಡಿನ ವಿಷಯಕ್ಕಿಂತ ಇದು ದೊಡ್ಡದು. ಚಿಕ್ಕಮ್ಮನ ಡೊಮೈನ್ ಹುಡುಕಿದಾಗ ಎದೆ ಧಸಕ್ ಎಂದಿತು. ಒಡೆಯನ ಜಾಗದಲ್ಲಿ ಇದ್ದದ್ದು ಸೈಟ್ ಮಾಡಿಕೊಟ್ಟ ಹುಡುಗನ ಹೆಸರು, ಅವನ ಇಮೇಲ್. ದುಡ್ಡು ಚಿಕ್ಕಮ್ಮನದು, ಹೆಸರು ಚಿಕ್ಕಮ್ಮನ ಮನೆಯದು, ಪಹಣಿ ಮಾತ್ರ ಅವನದು! ಅವನು ಅಷ್ಟರಲ್ಲಿ ದುಬೈ ಸೇರಿದ್ದ. ಒಳ್ಳೆ ಹುಡುಗ, ನಾಲ್ಕು ಸಲ ಫೋನ್ ಮಾಡಿದ ಮೇಲೆ ಲಾಗಿನ್ ಕೊಟ್ಟ. ಕೊಡದಿದ್ದರೆ ನಾವು ಏನು ಮಾಡಬೇಕಿತ್ತು ಎಂದು ಯೋಚಿಸಿದರೆ ಈಗಲೂ ಕಸಿವಿಸಿ.

ಆದ್ದರಿಂದ ಸೈಟ್ ಯಾರಿಂದ ಬೇಕಾದರೂ ಮಾಡಿಸಿ, ಡೊಮೈನನ್ನು ಮಾತ್ರ ನಿಮ್ಮದೇ ಖಾತೆ ತೆರೆದು, ನಿಮ್ಮ ಕಾರ್ಡಿನಲ್ಲಿ ನೀವೇ ತೆಗೆದುಕೊಳ್ಳಿ. ಈಗಾಗಲೇ ಇರುವ ಡೊಮೈನನ್ನು ಐಕ್ಯಾನ್‌ನ ಲುಕಪ್ ಪುಟದಲ್ಲಿ ಹಾಕಿ ನೋಡಿ. ಯಾವ ರಿಜಿಸ್ಟ್ರಾರ್, ಯಾವ ದಿನ ಮುಗಿಯುತ್ತದೆ ಎಂಬುದು ಕಾಣುತ್ತದೆ. ಒಡೆಯನ ವಿವರ ಅಲ್ಲಿ ಮುಚ್ಚಿದ್ದರೆ, ರಿಜಿಸ್ಟ್ರಾರ್ ಖಾತೆಯೊಳಗೇ ನೋಡಬೇಕು.

ಆ ಖಾತೆಗೆ ಇಮೇಲ್ ಕೊಡುವಾಗಲೂ ಒಂದು ಸೂಕ್ಷ್ಮ ಇದೆ. ಅದೇ ಡೊಮೈನಿನ ಇಮೇಲ್ ಕೊಡಬೇಡಿ. ಡೊಮೈನ್ ನಿಂತ ದಿನ ಆ ಇಮೇಲೂ ನಿಲ್ಲುತ್ತದೆ. ಆಗ ಪಾಸ್‌ವರ್ಡ್ ಬದಲಿಸುವ ಲಿಂಕ್ ಬರುವುದು ಎಲ್ಲಿಗೆ? ಬೀಗದ ಕೈಯನ್ನು ಒಳಗಿಟ್ಟು ಬಾಗಿಲು ಎಳೆದುಕೊಂಡ ಹಾಗೆ. ಕೊಂಡ ತಕ್ಷಣ ಒಂದು ಪರಿಶೀಲನೆಯ ಮೇಲ್ ಬರುತ್ತದೆ, ಅದರ ಲಿಂಕ್ ಒತ್ತಿ. ಡಾಟ್ ಕಾಮ್‌ನಂಥ ಹೆಸರುಗಳಿಗೆ 15 ದಿನದೊಳಗೆ ಇದಾಗದಿದ್ದರೆ ಡೊಮೈನ್ ತಡೆಹಿಡಿಯುತ್ತಾರೆ.

ಆಟೋ ರಿನ್ಯೂ ನಂಬಿ ಕೂರಬೇಡಿ

ಆಟೋ ರಿನ್ಯೂ, ಅಂದರೆ ತಾನಾಗಿ ನವೀಕರಣ, ಹಾಕಿದ್ದೇನೆ, ಇನ್ನೇನು ಚಿಂತೆ ಅನ್ನುವವರಿಗೆ ಒಂದು ಮಾತು. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ ನಿಯಮ ಬಂದಿದೆ. ಮೊದಲೇ ಒಪ್ಪಿಗೆ ನೋಂದಾಯಿಸದ ಕಾರ್ಡಿನಿಂದ ತಾನಾಗಿ ದುಡ್ಡು ಕಡಿತ ಆಗುವುದಿಲ್ಲ. ವಿದೇಶಿ ರಿಜಿಸ್ಟ್ರಾರ್‌ಗಳಲ್ಲಿ ನಮ್ಮ ಕಾರ್ಡ್ ಎಷ್ಟೋ ಸಲ ಸುಮ್ಮನೆ ಫೇಲಾಗುತ್ತದೆ. ಫೇಲಾಗಿದೆ ಎಂಬ ಮೇಲ್ ಪ್ರಮೋಷನ್ ಫೋಲ್ಡರಿನಲ್ಲಿ ಬಿದ್ದಿರುತ್ತದೆ. ಫೋನಿನ ಕ್ಯಾಲೆಂಡರಿನಲ್ಲಿ ಒಂದು ತಿಂಗಳ ಮೊದಲೇ ನೆನಪು ಹಾಕಿಕೊಳ್ಳಿ, ಕೈಯಾರೆ ಕಟ್ಟಿ.

ತಪ್ಪಿಹೋದರೂ ಡಾಟ್ ಕಾಮ್ ಕೂಡಲೇ ಹೋಗುವುದಿಲ್ಲ. ಮಾಮೂಲಿ ದರದಲ್ಲೇ ಕಟ್ಟಲು ಹೆಚ್ಚಿನವರು ಕೆಲವು ದಿನ ಕೊಡುತ್ತಾರೆ. ಇದು 45 ದಿನದವರೆಗೂ ಇರಬಹುದು, ಒಬ್ಬೊಬ್ಬರದು ಒಂದೊಂದು ರೀತಿ. ಅದೂ ದಾಟಿದರೆ 30 ದಿನದ ರಿಡೆಂಪ್ಶನ್, ಅಂದರೆ ಹೆಸರನ್ನು ಬಿಡಿಸಿಕೊಳ್ಳುವ ಅವಧಿ, ಆಗ ದಂಡ ಸೇರಿ ಬಿಲ್ ಕಣ್ಣು ಕುಕ್ಕುತ್ತದೆ. ಕೊನೆಗೆ 5 ದಿನ ಯಾರೂ ಮುಟ್ಟುವಂತಿಲ್ಲ, ಆರನೇ ದಿನ ಹೆಸರು ಬಯಲಿಗೆ. ಚೆನ್ನಾಗಿ ಓಡುವ ಹೆಸರಾದರೆ ಹಿಡಿಯಲು ಕಾದು ಕೂತವರು ಇರುತ್ತಾರೆ.

ನವೀಕರಿಸಿ ಎಂದು ಬರುವ ಎಲ್ಲ ಇಮೇಲ್‌ಗಳೂ ನಿಜವಲ್ಲ ಅನ್ನುವುದು ಇನ್ನೊಂದು ಫಜೀತಿ. ನಿಮ್ಮ ರಿಜಿಸ್ಟ್ರಾರ್ ಅಲ್ಲದ ಯಾರೋ ಬಿಲ್ ಕಳಿಸುತ್ತಾರೆ. 'ನಿಮ್ಮ ಹೆಸರನ್ನು ಬೇರೆ ದೇಶದಲ್ಲಿ ಯಾರೋ ನೋಂದಾಯಿಸುತ್ತಿದ್ದಾರೆ, ಬೇಗ ದುಡ್ಡು ಕಟ್ಟಿ' ಎಂದು ಹೆದರಿಸುತ್ತಾರೆ. ಆ ಇಮೇಲ್‌ನಲ್ಲಿರುವ ಲಿಂಕ್ ಒತ್ತದೆ ನೇರ ನಿಮ್ಮ ಖಾತೆಗೆ ಹೋಗಿ ನೋಡಿ.

ದರ ಜಾಸ್ತಿಯಾದರೆ ಮನೆ ಬದಲಿಸಿ

ಹೊಸದಾಗಿ ಕೊಂಡು 60 ದಿನ ಆದ ಮೇಲೆ ಬೇರೆ ರಿಜಿಸ್ಟ್ರಾರ್‌ಗೆ ಹೋಗಬಹುದು. ಖಾತೆಯೊಳಗೆ ಟ್ರಾನ್ಸ್‌ಫರ್ ಲಾಕ್ ತೆಗೆಯಿರಿ, ಆತ್ ಕೋಡ್, ಅಂದರೆ ವರ್ಗಾವಣೆಗೆ ಬೇಕಾದ ಗುಟ್ಟಿನ ಕೋಡ್, ಕೇಳಿ. ಇದನ್ನು 5 ದಿನದೊಳಗೆ ಕೊಡಲೇಬೇಕು ಎಂಬುದು ಐಕ್ಯಾನ್ ನಿಯಮ. ಆ ಕೋಡನ್ನು ಹೊಸ ಜಾಗದಲ್ಲಿ ಹಾಕಿ ದುಡ್ಡು ಕಟ್ಟಿದರೆ ಡಾಟ್ ಕಾಮ್‌ಗೆ ಉಳಿದ ಅವಧಿಯ ಜೊತೆ ಇನ್ನೊಂದು ವರ್ಷ ಸೇರುತ್ತದೆ. ಅವಧಿ ಮುಗಿಯುವ ವಾರ ಈ ಸಾಹಸ ಬೇಡ, ತಿಂಗಳು ಮೊದಲೇ ಶುರು ಮಾಡಿ.

ಚಿಕ್ಕಮ್ಮನಿಗೆ ಅವರದೇ ಹೆಸರಿನಲ್ಲಿ ಡಾಟ್ ಇನ್ ತೆಗೆದುಕೊಟ್ಟೆ. ಹಳೇದನ್ನು ಬಿಟ್ಟುಬಿಡೋಣ ಅಂದೆ. ಅವರು ಒಳಗೆ ಹೋಗಿ ಒಂದು ರಟ್ಟಿನ ಪೆಟ್ಟಿಗೆ ತಂದಿಟ್ಟರು. ಉಪ್ಪಿನಕಾಯಿ ಬಾಟಲಿಯ ಲೇಬಲ್‌ಗಳು, ಆರೇಳುನೂರು ಇದ್ದಾವು. ಎಲ್ಲದರ ಮೇಲೂ ಡಾಟ್ ಆನ್‌ಲೈನ್. "ಇದನ್ನೇನು ಒಲೆಗೆ ಹಾಕ್ಲಾ?" ಎಂದರು. ಮೂರು ಸಾವಿರ ಕಟ್ಟಿ ಹಳೇ ಹೆಸರನ್ನು ಇನ್ನೊಂದು ವರ್ಷ ಉಳಿಸಿಕೊಂಡು, ಅಲ್ಲಿಗೆ ಬಂದವರು ಹೊಸ ಸೈಟಿಗೆ ಹೋಗುವ ಹಾಗೆ ಮಾಡಿದ್ದೇವೆ. ಈ ಸಲದ ಮಿಡಿ ಉಪ್ಪಿನಕಾಯಿಗೆ ಲೇಬಲ್ ಖಾಲಿಯಾಗಬಹುದು ಅಂತ ಚಿಕ್ಕಮ್ಮನ ಅಂದಾಜು.