ಕಳ್ಳಿ ಗಿಡಗಳನ್ನು ನೆಲದಲ್ಲಿ ನೆಡುವ ಮೊದಲು

ಕುಂಡದಲ್ಲಿರುವ ಕಳ್ಳಿ ಗಿಡವನ್ನು ಮಳೆ ಹೆಚ್ಚಾದಾಗ ಎತ್ತಿ ಸೂರಿನಡಿಗೆ ಇಡಬಹುದು. ನೆಲದಲ್ಲಿ ನೆಟ್ಟ ಗಿಡಕ್ಕೆ ಆ ಅನುಕೂಲವಿಲ್ಲ. ಆದ್ದರಿಂದ ಕೈತೋಟದ ಮಡಿಯಲ್ಲಿ ಕ್ಯಾಕ್ಟಸ್ ಮತ್ತು ಸಕ್ಯುಲೆಂಟ್ (ದಪ್ಪ ಎಲೆ, ಕಾಂಡಗಳಲ್ಲಿ ನೀರು ಕೂಡಿಡುವ) ಗಿಡಗಳನ್ನು ಬೆಳೆಸಬೇಕೆಂದಿರುವವರು ಗಿಡ ತರುವುದಕ್ಕೆ ಮೊದಲೇ ಮಣ್ಣಿನ ಕೆಲಸವನ್ನು ಪೂರ್ತಿ ಮುಗಿಸಿಕೊಳ್ಳಬೇಕು. ಈ ಗಿಡಗಳು ಬಾಯಾರಿ ಸಾಯುವುದಕ್ಕಿಂತ ಬೇರಿನ ಬಳಿ ನಿಂತ ನೀರಿನಿಂದ ಸಾಯುವುದೇ ಹೆಚ್ಚು. ನೀರು ತುಂಬಿದ ಮಣ್ಣಿನಲ್ಲಿ ಗಾಳಿಗೆ ಎಡೆಯಿರುವುದಿಲ್ಲ; ಸಣ್ಣ ಬೇರುಗಳು ಮೊದಲು ಉಸಿರುಗಟ್ಟಿ ಸಾಯುತ್ತವೆ, ಆಮೇಲೆ ಪಿಥಿಯಂ, ಫೈಟಾಫ್ತೊರಾದಂಥ ಕೊಳೆರೋಗದ ಜೀವಿಗಳು ಒಳಹೊಕ್ಕು ಕಾಂಡದವರೆಗೂ ಏರುತ್ತವೆ. ಮೇಲಿನಿಂದ ನೋಡುವವರಿಗೆ ಗಿಡ ಹಸಿರಾಗಿಯೇ ಕಾಣುತ್ತಿರುತ್ತದೆ.

ಜಾಗವನ್ನು ಪರೀಕ್ಷಿಸಲು ಸುಮಾರು 30 ಸೆಂಟಿಮೀಟರ್ ಆಳದ ಗುಂಡಿ ತೋಡಿ, ನೀರು ತುಂಬಿ, ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿ ಗಮನಿಸಿ. ಎರಡನೆಯ ಸಲದ ನೀರು ಹಲವು ಗಂಟೆಗಳ ನಂತರವೂ ಹಾಗೆಯೇ ನಿಂತಿದ್ದರೆ, ಆ ನೆಲದಲ್ಲಿ ನೇರವಾಗಿ ನೆಡಬಾರದು. ಅಲ್ಲಿ ಗುಂಡಿ ತೆಗೆದು ತಳದಲ್ಲಿ ಜಲ್ಲಿ ಹರಡಿ ಅದರ ಮೇಲೆ ಮಣ್ಣು ತುಂಬುವ ಪದ್ಧತಿ ಬಹಳ ಕಡೆ ಇದೆ; ಅದನ್ನು ನಾನು ಒಪ್ಪುವುದಿಲ್ಲ. ಸಣ್ಣ ಕಣದ ಮಣ್ಣಿನಿಂದ ದೊಡ್ಡ ಕಲ್ಲಿನ ಪದರಕ್ಕೆ ನೀರು ಸುಲಭವಾಗಿ ಇಳಿಯುವುದಿಲ್ಲ, ಮೇಲಿನ ಮಣ್ಣು ಪೂರ್ತಿ ತೊಯ್ದು ತುಂಬುವವರೆಗೆ ಅಲ್ಲಿಯೇ ತಡೆದು ನಿಲ್ಲುತ್ತದೆ. ಸುತ್ತಲೂ ಜೇಡಿಮಣ್ಣಿದ್ದರೆ ಆ ಗುಂಡಿಯೇ ನೀರಿನ ತೊಟ್ಟಿಯಾಗುತ್ತದೆ. ಇದಕ್ಕಿಂತ ನೆಲದ ಮೇಲೆ 20ರಿಂದ 30 ಸೆಂಟಿಮೀಟರ್ ಎತ್ತರದ ಏರುಮಡಿ ಕಟ್ಟಿ, ಅದರ ಮೈಯನ್ನು ಒಂದು ಕಡೆಗೆ ಇಳಿಜಾರಾಗಿಸುವುದು ಎಷ್ಟೋ ಮೇಲು.

ಮಡಿಗೆ ತುಂಬುವ ಮಿಶ್ರಣದಲ್ಲಿ ಅರ್ಧಕ್ಕಿಂತ ಕಡಿಮೆಯಿಲ್ಲದಷ್ಟು ಒರಟು ಮರಳು, ಸಣ್ಣ ಜಲ್ಲಿ, ಪ್ಯೂಮಿಸ್ ಎಂಬ ಹಗುರವಾದ ರಂಧ್ರಗಲ್ಲು ಅಥವಾ ಇಟ್ಟಿಗೆಯ ಚೂರು ಇರಲಿ; ಉಳಿದದ್ದು ತೋಟದ ಸಡಿಲ ಮಣ್ಣು ಮತ್ತು ಚೆನ್ನಾಗಿ ಕಳಿತ ಸ್ವಲ್ಪವೇ ಕಾಂಪೋಸ್ಟ್. ನುಣ್ಣನೆಯ ಮರಳನ್ನು ಬಳಸಲೇಬೇಡಿ, ಅದು ಮಣ್ಣಿನ ಸಂದುಗಳನ್ನು ಮುಚ್ಚಿ ಮಡಿಯನ್ನು ಗಟ್ಟಿಯಾಗಿಸುತ್ತದೆ. ಸಮುದ್ರದ ಮರಳಿನಲ್ಲಿ ಉಪ್ಪಿರುವುದರಿಂದ ಅದೂ ಬೇಡ. ಮಣ್ಣು ಸಿದ್ಧಪಡಿಸುವಾಗಲೇ ಜೇಕು, ಗರಿಕೆಯಂಥ ಕಳೆಗಳ ಗಡ್ಡೆ ಮತ್ತು ಬೇರನ್ನು ತುಣುಕೂ ಉಳಿಯದಂತೆ ಆರಿಸಿ ತೆಗೆಯಿರಿ. ಮುಳ್ಳುಗಿಡಗಳ ನಡುವೆ ಕೈಹಾಕಿ ಕಳೆ ಕೀಳುವ ಕಷ್ಟ ಅನುಭವಿಸಿದವರಿಗೇ ಗೊತ್ತು.

ನೆರಳಿನಲ್ಲಿ ಬೆಳೆದ ಗಿಡವನ್ನು ತಂದ ದಿನವೇ ಸುಡುಬಿಸಿಲಿಗೆ ಒಡ್ಡಿದರೆ ಅದರ ಮೈಮೇಲೆ ಬಿಳಿಚಿದ ಸುಟ್ಟ ಕಲೆಗಳು ಮೂಡುತ್ತವೆ, ಅವು ಮತ್ತೆ ಮಾಯುವುದಿಲ್ಲ. ಬೆಳಗಿನ ಬಿಸಿಲಿನಿಂದ ಆರಂಭಿಸಿ ಎರಡು ಮೂರು ವಾರಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಅಭ್ಯಾಸ ಮಾಡಿಸಬೇಕು. ಕತ್ತಾಳೆ, ಪಾಪಾಸುಕಳ್ಳಿ ಮತ್ತು ಹೆಚ್ಚಿನ ಕಂಬಗಳ್ಳಿಗಳು ದಿನವಿಡೀ ಬಿಸಿಲು ಬಯಸುತ್ತವೆ. ಹವರ್ಥಿಯ, ಗಸ್ಟೇರಿಯದಂಥ ಸಣ್ಣ ಸಕ್ಯುಲೆಂಟ್‌ಗಳಿಗೆ ದೊಡ್ಡ ಗಿಡದ ಅರೆನೆರಳೇ ಹಿತ.

ನೆಡುವಾಗ ಕುಂಡದ ಹಳೆಯ ಮಣ್ಣನ್ನು ಮೆಲ್ಲಗೆ ಉದುರಿಸಿ, ಕೊಳೆತ ಅಥವಾ ಮುರಿದ ಬೇರನ್ನು ಕತ್ತರಿಸಿ, ಗಾಯ ಒಣಗಲು ಕೆಲವು ದಿನ ನೆರಳಿನಲ್ಲಿಡಿ. ಮೊದಲು ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳಕ್ಕೆ, ಒಣಮಣ್ಣಿನಲ್ಲಿ ನೆಟ್ಟು, ಸುಮಾರು ಒಂದು ವಾರದ ನಂತರ ಮೊದಲ ನೀರು ಕೊಡಿ. ಕಾಂಡದ ಸುತ್ತ ಎಲೆಗೊಬ್ಬರದ ಬದಲು ಎರಡು ಮೂರು ಸೆಂಟಿಮೀಟರ್ ದಪ್ಪಕ್ಕೆ ಸಣ್ಣ ಕಲ್ಲು ಹರಡಿದರೆ ಬುಡ ಒಣಗಿರುತ್ತದೆ, ಮಳೆಗೆ ಮಣ್ಣು ಸಿಡಿಯುವುದೂ ಇಲ್ಲ.

ಇವುಗಳಲ್ಲಿ ಬಹುಪಾಲು ಗಿಡಗಳು ಹಗಲಿನ ಬಿಸಿಯಲ್ಲಿ ಮೈಯ ಸೂಕ್ಷ್ಮ ರಂಧ್ರಗಳನ್ನು ಮುಚ್ಚಿಕೊಂಡಿದ್ದು, ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆಳೆದುಕೊಳ್ಳುತ್ತವೆ. ಹೀಗೆ ನೀರನ್ನು ಉಳಿಸಿಕೊಳ್ಳುವುದರಿಂದಲೇ ಅವಕ್ಕೆ ದಿನದಿನದ ನೀರು ಬೇಕಿಲ್ಲ. ನೀರು ಕೊಟ್ಟಾಗ ಬೇರಿನ ಆಳಕ್ಕೆ ಇಳಿಯುವಷ್ಟು ಕೊಟ್ಟು, ಬೆರಳಿನಾಳದ ಮಣ್ಣು ಪೂರ್ತಿ ಒಣಗುವವರೆಗೆ ಮತ್ತೆ ಕೊಡದಿರುವುದೇ ಸರಿಯಾದ ಕ್ರಮ. ಎಲೆ ಸುಕ್ಕಾಗಿ ತೆಳುವಾದರೆ ನೀರು ಸಾಲದು ಎಂದರ್ಥ. ಹಳದಿಯಾಗಿ, ಗಾಜಿನಂತೆ ಪಾರದರ್ಶಕವಾಗಿ, ಮುಟ್ಟಿದರೆ ಮೆತ್ತಗಾಗಿದ್ದರೆ ನೀರು ಹೆಚ್ಚಾಗಿದೆ. ಆದರೆ ಬೇರು ಕೊಳೆತ ಗಿಡವೂ ನೀರು ಹೀರಲಾರದೆ ಸುಕ್ಕಾಗುತ್ತದೆ, ಆದ್ದರಿಂದ ಮಣ್ಣನ್ನು ಮುಟ್ಟಿ ನೋಡದೆ ನೀರು ಹೊಯ್ಯಬೇಡಿ. ಬಿಡದೆ ಮಳೆ ಸುರಿಯುವ ಕಡೆಗಳಲ್ಲಿ ನಾಲ್ಕು ಬದಿಯೂ ಗಾಳಿಗೆ ತೆರೆದಿರುವಂತೆ ಪಾರದರ್ಶಕ ಹಾಳೆಯ ಮಾಡು ಕಟ್ಟುವುದು ಒಳ್ಳೆಯದು. ಚಳಿಯ ವಿಚಾರದಲ್ಲೂ ಅಷ್ಟೇ, ಬೇರು ಒಣಗಿರುವ ಗಿಡ ತೊಯ್ದ ಗಿಡಕ್ಕಿಂತ ಹೆಚ್ಚು ಚಳಿ ತಡೆಯುತ್ತದೆ.

ಯಾವ ಗಿಡ ಎಷ್ಟು ಬೆಳೆಯುತ್ತದೆ ಎಂಬುದನ್ನು ತಿಳಿದೇ ಜಾಗ ಗೊತ್ತುಮಾಡಿ. ಅಂಗೈಯಗಲದ ಕತ್ತಾಳೆಯ ಮರಿ ಮುದ್ದಾಗಿ ಕಾಣುತ್ತದೆ. ದೊಡ್ಡ ಜಾತಿಯದಾದರೆ ಎರಡು ಮೂರು ಮೀಟರ್ ಅಗಲಕ್ಕೆ ಹರಡಿ, ಓಡಾಡುವ ದಾರಿಗೆ ಮೊನಚು ಚಾಚುತ್ತದೆ. ಹಲವು ವರ್ಷ ಬೆಳೆದು ಒಮ್ಮೆ ಹೂಬಿಟ್ಟ ಮೇಲೆ ತಾಯಿಗಿಡ ಸಾಯುತ್ತದೆ, ಬುಡದ ಮರಿಗಳು ಉಳಿಯುತ್ತವೆ. ಯುಫೋರ್ಬಿಯ ಜಾತಿಯ ಕಳ್ಳಿಗಳ ಹಾಲು ಚರ್ಮಕ್ಕೆ ಉರಿ ತರುತ್ತದೆ, ಕಣ್ಣಿಗೆ ಬಿದ್ದರೆ ಅಪಾಯ. ಮಕ್ಕಳು ಆಡುವೆಡೆ ಅವನ್ನು ನೆಡಲೇಬಾರದು. ಪಾಪಾಸುಕಳ್ಳಿಯ ತುಂಡುಗಳನ್ನು ಬೇಲಿಯಾಚೆ ಎಸೆಯುವ ಅಭ್ಯಾಸವೂ ಕೆಟ್ಟದ್ದು. ಬಿದ್ದ ತುಂಡು ಅಲ್ಲಿಯೇ ಬೇರೂರುತ್ತದೆ. ಆಸ್ಟ್ರೇಲಿಯಾದಲ್ಲಿ ಹೀಗೆ ಹಬ್ಬಿದ ಕಳ್ಳಿ ಕೋಟ್ಯಂತರ ಎಕರೆ ನೆಲವನ್ನು ಆವರಿಸಿ, 1925ರಲ್ಲಿ ಅರ್ಜೆಂಟೀನಾದಿಂದ ತರಿಸಿದ ಕ್ಯಾಕ್ಟೊಬ್ಲಾಸ್ಟಿಸ್ ಎಂಬ ಪತಂಗದ ಹುಳುಗಳಿಂದ ಹತೋಟಿಗೆ ಬಂತು.

ಗೊಬ್ಬರದ ವಿಚಾರದಲ್ಲಿ ಹೆಚ್ಚು ಹೇಳುವುದಕ್ಕಿಲ್ಲ: ಬೆಳೆಯುವ ಕಾಲದಲ್ಲಿ, ಸಾರಜನಕ ಕಡಿಮೆಯಿರುವ ಗೊಬ್ಬರವನ್ನು ಹೇಳಿದ ಪ್ರಮಾಣದ ಅರ್ಧದಷ್ಟು ಕೊಟ್ಟರೆ ಸಾಕು. ಎಲೆಯ ಸಂದಿನಲ್ಲಿ ಬಿಳಿ ಹತ್ತಿಯಂಥದ್ದು ಕಂಡರೆ ಅದು ಹಿಟ್ಟು ತಿಗಣೆ, ಶೇ. 70ರ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ, ಬಿಸಿಲಿಳಿದ ಮೇಲೆ, ಒಂದೊಂದನ್ನೂ ಒರೆಸಿ ತೆಗೆಯಿರಿ. ಬುಡ ಮೆತ್ತಗಾಗಿ ಕಪ್ಪಾದ ಗಿಡವನ್ನು ತಡಮಾಡದೆ ಕಿತ್ತು, ಶುಚಿಯಾದ ಚಾಕುವಿನಿಂದ ಕಂದುಬಣ್ಣದ ಗುರುತು ಪೂರ್ತಿ ಹೋಗುವವರೆಗೆ ಕೊಯ್ಯುತ್ತ ಬನ್ನಿ, ಪ್ರತಿ ಕೊಯ್ತದ ನಂತರವೂ ಚಾಕುವನ್ನು ಒರೆಸಿಕೊಳ್ಳಿ. ಉಳಿದ ಭಾಗವನ್ನು ಗಾಯ ಗಟ್ಟಿಯಾಗುವವರೆಗೆ ನೆರಳಿನಲ್ಲಿಟ್ಟು ಒಣ ಮರಳುಮಣ್ಣಿನ ಮೇಲೆ ಕೂರಿಸಿದರೆ ಅನೇಕ ಸಲ ಹೊಸ ಬೇರು ಬರುತ್ತದೆ. ಆ ಗಿಡ ಕೊಳೆತ ಜಾಗದಲ್ಲಿ ಮಾತ್ರ, ಅಲ್ಲಿ ನೀರು ನಿಲ್ಲುವುದು ಏಕೆಂದು ಅಗೆದು ನೋಡಿ ಸರಿಪಡಿಸುವವರೆಗೆ, ಬೇರೊಂದನ್ನು ನೆಡಬೇಡಿ.